ಬಲಗಡೆಯ ಪದಕ

ಮುಂಬಯಿಯಲ್ಲಿ ಹವಾಲ್ದಾರ ಎಂದರೆ ಪೊಲೀಸು. ಸಿಗ್ನಲ್ಲಿನಲ್ಲಿ ನಿಂತು ಹೆಲ್ಮೆಟ್ ಇಲ್ಲದವರನ್ನು ಹಿಡಿಯುವವನು. ಸೈನ್ಯದಲ್ಲೂ ಹವಾಲ್ದಾರ ಎಂಬ ಹುದ್ದೆಯಿದೆ, ತೋಳಿನ ಮೇಲೆ ಮೂರು ಪಟ್ಟಿ ಬರಬೇಕಾದರೆ ಮನುಷ್ಯ ಬಹಳ ಕಾಲ ಬೆವರು ಸುರಿಸಿರಬೇಕು ಎಂಬುದು ಭಾಂಡುಪಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹಾಗಾಗಿ ನೆಲಮಹಡಿಯ ಒಂದು ಕೋಣೆ, ಒಂದು ಅಡುಗೆಮನೆಯ ಬ್ಲಾಕಿನಲ್ಲಿ ಒಬ್ಬರೇ ಇದ್ದ, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರ ಬಾಗಿಲಿಗೆ ಜನ ಪಾರ್ಕಿಂಗ್ ಜಗಳಗಳನ್ನು ಹೊತ್ತು ತರುತ್ತಿದ್ದರು. ಹವಾಲ್ದಾರ್ ಕಾಕಾ, ನಮ್ಮ ಜಾಗದಲ್ಲಿ ಯಾರೋ ಗಾಡಿ ನಿಲ್ಲಿಸಿದ್ದಾರೆ, ನೀವು ಬಂದು ಹೇಳಿ ಎನ್ನುತ್ತಿದ್ದರು. ತಾನು ಮಿಲಿಟರಿಯವನು, ಟ್ರಾಫಿಕ್ಕಿನವನಲ್ಲ ಎಂದು ಅವರು ಮೊದಮೊದಲು ವಿವರಿಸಿ ನೋಡಿದರಂತೆ. ಯಾರೂ ಕೇಳದಿದ್ದಾಗ, ವಿವರಿಸುವುದನ್ನು ಬಿಟ್ಟು ಜಗಳ ಬಿಡಿಸುವುದನ್ನೇ ಕಲಿತುಕೊಂಡರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರೂ ಬಾಗಿಲ ಮೇಲೆ ಬರೆಸಿರಲಿಲ್ಲ. ಹೆಸರು ಇರುವುದು ಹಾಜರಿ ಕರೆಯುವುದಕ್ಕೆ, ಬೋರ್ಡಿಗೆ ಹಾಕುವುದಕ್ಕಲ್ಲ ಎನ್ನುತ್ತಿದ್ದರು.

ನಾನು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿಗೆ ಬಂದು, ದಾದರಿನ ಒಂದು ವಿಮಾ ಕಚೇರಿಯಲ್ಲಿ ತಲೆಗೂದಲು ಬೆಳ್ಳಗಾಗುವ ತನಕ ದುಡಿದವಳು. ಅವರು ಅಥಣಿ ಕಡೆಯ ಒಂದು ಹಳ್ಳಿಯವರು. ಅವರ ಕನ್ನಡ ನನಗೆ ಮೊದಲಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ನನ್ನ ಕನ್ನಡ ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿದೆ ಎಂದು ಅವರು ನಗುತ್ತಿದ್ದರು. ಆದರೆ ಇಡೀ ಸೊಸೈಟಿಯಲ್ಲಿ ಕನ್ನಡ ಆಡುವವರು ಮೂವರೇ. ಅವರು, ನಾನು, ನಮ್ಮ ಯಜಮಾನರು. ಹಸಿದವನಿಗೆ ಹಳಸಿದ್ದೂ ರುಚಿ ಎನ್ನುವ ಹಾಗೆ, ಆ ಮೂವರಲ್ಲಿ ಯಾರ ಕನ್ನಡ ಯಾವ ಊರಿನದು ಎಂದು ಲೆಕ್ಕ ಹಾಕುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಅವರು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಅವರು ಕೂರುವ ಭಂಗಿ ನೋಡಿದರೆ ಸಾಕಿತ್ತು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಬಲಗೈ ಮೊಣಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಊರಿ, ಮುಂದಿನ ರಸ್ತೆ ನೋಡುತ್ತಾ ಕೂರುತ್ತಿದ್ದರು. ಇಡೀ ಕಟ್ಟಡವನ್ನೇ ಅವರು ಎಲ್ಲಿಗೋ ನಡೆಸಿಕೊಂಡು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ಪೆನ್ಷನ್ನಿಗೆ ಬಂದ ಮೇಲೆ ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಬಸ್ಸು ಓಡಿಸಲು ಸೇರಿದ್ದರು. ಕಾರ್ಖಾನೆ ಮುಚ್ಚಿತು, ಆ ಜಾಗದಲ್ಲಿ ಟವರುಗಳು ಎದ್ದವು, ಇವರು ಇಲ್ಲೇ ಉಳಿದರು. ಬೇರೆ ಎಲ್ಲಿಗೆ ಹೋಗಬೇಕೆಂದು ಅವರಿಗೂ ಹೊಳೆಯಲಿಲ್ಲವೆಂದು ಕಾಣುತ್ತದೆ.

ನಮ್ಮ ಸೊಸೈಟಿ ಗುಡ್ಡದ ಬುಡದಲ್ಲಿದೆ. ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಬಂದರೆ ರಸ್ತೆ ಏರುತ್ತಲೇ ಹೋಗುತ್ತದೆ, ನಮ್ಮ ಗೇಟಿನ ಮುಂದೆ ಒಳ್ಳೆಯ ಇಳಿಜಾರು. ಆ ಇಳಿಜಾರಿನಲ್ಲಿ ಯಾವ ಗಾಡಿ ನಿಂತರೂ ಅದರ ಹಿಂದಿನ ಚಕ್ರಕ್ಕೆ ಅವರು ಒಂದು ಕಲ್ಲು ಇಡುತ್ತಿದ್ದರು. ಹಾಲಿನ ಟೆಂಪೋ, ಶಾಲೆಯ ವ್ಯಾನು, ರಿಕ್ಷಾ, ಯಾವುದಾದರೂ ಸರಿ. ಅದಕ್ಕೆಂದೇ ಕಾಂಪೌಂಡಿನ ಮೂಲೆಯಲ್ಲಿ ಕಲ್ಲುಗಳನ್ನು ಜೋಡಿಸಿಟ್ಟಿದ್ದರು, ರಿಕ್ಷಾದ್ದು ಬೇರೆ, ಟೆಂಪೋದ್ದು ಬೇರೆ. ಡ್ರೈವರುಗಳು ಬೈದುಕೊಂಡೇ ಕಲ್ಲು ಒದ್ದು ಗಾಡಿ ತೆಗೆಯುತ್ತಿದ್ದರು. ಬ್ರೇಕು ಹಿಡಿದಿರುವಾಗ ಕಲ್ಲು ಯಾಕೆ ಎಂದು ನಾನೊಮ್ಮೆ ಕೇಳಿದೆ. "ಗುಡ್ಡದಾಗ ಬ್ರೇಕ್ ನಂಬಬಾರದ್ರಿ ಬಾಯಾರ, ಕಲ್ಲ ನಂಬಬೇಕು. ಬ್ರೇಕ್ ಕೈ ಕೊಡತೈತಿ. ಕಲ್ಲಿಗೆ ಕೈ ಎಲ್ಲಿ ಐತಿ?" ಎಂದರು.

ಬಾಯಾರ ಎಂದರೆ ಅವರ ಕಡೆ ಓದಿಕೊಂಡ ಹೆಂಗಸರಿಗೆ ಹೇಳುವ ಗೌರವದ ಮಾತು. ಆದರೆ ನಮ್ಮ ಪರಿಚಯ ಗೌರವದಿಂದ ಶುರುವಾಗಲಿಲ್ಲ. ಅದು ಶುರುವಾದದ್ದು ನನ್ನ ಬಾಯಿಚಪಲದಿಂದ.

ನಾವು ಆ ಕಟ್ಟಡಕ್ಕೆ ಬಂದ ಮೊದಲ ಜನವರಿ. ಸೊಸೈಟಿಯ ಅಂಗಳದಲ್ಲಿ ಧ್ವಜ ಹಾರಿಸುವ ಕಾರ್ಯಕ್ರಮ. ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ಒಂದು ಮೇಜಿನ ಮೇಲೆ ಕಾಗದ ಮುಚ್ಚಿದ ಜಿಲೇಬಿ. ಮುಂದಿನ ಸಾಲಿನಲ್ಲಿ ಒಬ್ಬ ಗಿಡ್ಡ ಮುದುಕರು ನಿಂತಿದ್ದರು. ಕಡುನೀಲಿ ಕೋಟು, ಹತ್ತು ಹೆಜ್ಜೆಗೇ ಬರುವ ನುಸಿಗುಳಿಗೆಯ ವಾಸನೆ, ಎದೆಯ ಎಡಗಡೆ ಒಂದು ಪದಕ. ನಾನು ನಮ್ಮ ಯಜಮಾನರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯ. "ಅಲ್ಲಾ ರೀ, ಬಹುಮಾನ ಬಂದದ್ದನ್ನ ಯಾರಾದರೂ ಎಡಗಡೆ ಕಟ್ಕೋತಾರಾ? ಶುಭ ಅಂದ್ರೆ ಬಲಗಡೆ ಅಲ್ವಾ? ಪಾಪ, ಬಲಕ್ಕೆ ಹಾಕ್ಕೊಳ್ಳಿ ಅಂತ ಯಾರೂ ಹೇಳಿಲ್ಲ ಈ ಮನುಷ್ಯನಿಗೆ."

ನಾನು ಬೆಳೆದ ಮನೆಯಲ್ಲಿ ಎಡಗೈಯಲ್ಲಿ ಲೋಟ ಕೊಟ್ಟರೂ ಅಜ್ಜಿ ಗದರುತ್ತಿದ್ದರು. ಹೊಸ್ತಿಲು ದಾಟುವುದು ಬಲಗಾಲಿಟ್ಟು, ಪ್ರಸಾದ ತೆಗೆದುಕೊಳ್ಳುವುದು ಬಲಗೈಯಲ್ಲಿ. ಸರ್ಕಾರ ಕೊಟ್ಟ ಪದಕ ಎಡಗಡೆ ನೇತಾಡುವುದು ನನ್ನ ಕಣ್ಣಿಗೆ ಅಪಶಕುನವಾಗಿಯೇ ಕಂಡಿತು.

ರಾಷ್ಟ್ರಗೀತೆ ಮುಗಿಯುವವರೆಗೂ ಆ ಮುದುಕರು ಅಲುಗಾಡಲಿಲ್ಲ. ಮುಗಿದ ಮೇಲೆ ಕಾಲು ಸಡಿಲಿಸಿ, ತಿರುಗಿ, ನನ್ನನ್ನು ನೋಡಿ ಹೇಳಿದರು.

"ನಾ ಇನ್ನೂ ಸತ್ತಿಲ್ರಿ, ಬಾಯಾರ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಮ್ಮ ಯಜಮಾನರಂತೂ ಮುಖ ಆ ಕಡೆ ತಿರುಗಿಸಿಕೊಂಡು ಭುಜ ಕುಣಿಸುತ್ತಾ ನಗುತ್ತಿದ್ದರು. ಆಮೇಲೆ ಜಿಲೇಬಿ ತಿನ್ನುತ್ತಾ ಹವಾಲ್ದಾರರೇ ಬಿಡಿಸಿ ಹೇಳಿದರು. ಸೈನ್ಯದಲ್ಲಿ ಪದಕ ಗಳಿಸಿದವನು ಅದನ್ನು ಎಡಕ್ಕೆ ಧರಿಸಬೇಕು. ಅವನು ಸತ್ತ ಮೇಲೆ ಅವನ ಮನೆಯವರು, ಹೆಂಡತಿಯೋ ಮಗನೋ ಅಣ್ಣತಮ್ಮಂದಿರೋ, ಅದನ್ನು ಹಾಕಿಕೊಳ್ಳಬಹುದು, ಆದರೆ ಬಲಕ್ಕೆ. ಬಲಗಡೆ ಪದಕ ಕಂಡರೆ, ಇದನ್ನು ಗಳಿಸಿದವನು ಈಗ ಇಲ್ಲ, ಅವನ ಕಡೆಯವರು ಇದ್ದಾರೆ ಎಂದು ತಿಳಿಯಬೇಕು. ಯಜಮಾನರು ಕೂಡಲೇ ತಲೆಯಾಡಿಸಿ, ನಮ್ಮಲ್ಲೂ ಹಾಗೇ, ಶ್ರಾದ್ಧದಲ್ಲಿ ಜನಿವಾರವನ್ನು ಬಲ ಹೆಗಲಿಗೆ ಬದಲಾಯಿಸುವುದಿಲ್ಲವೇ, ಇವಳಿಗೆ ಅಷ್ಟೂ ಗೊತ್ತಿಲ್ಲ ಎಂದು ನನ್ನ ಮೇಲೆ ಒಂದು ಬಿಟ್ಟರು. ಗಂಡಸರಿಬ್ಬರಿಗೂ ಅಂದಿನಿಂದ ಸ್ನೇಹವಾಯಿತು. ನನ್ನನ್ನು ಛೇಡಿಸಿಯೇ ಬೆಳೆದ ಸ್ನೇಹ ಅದು.

ಆ ದಿನ ಅವರು ಇನ್ನೊಂದು ಮಾತನ್ನೂ ಹೇಳಿದ್ದರು, ನಗುನಗುತ್ತಲೇ. "ನಂದು ಬಲಕ್ಕ ಹಾಕ್ಕೊಳ್ಳೋರು ಮಾತ್ರ ಯಾರೂ ಇಲ್ಲ ನೋಡ್ರಿ." ನಾವೂ ನಕ್ಕೆವು. ಅದು ಅವರ ಜೀವವನ್ನು ತಿನ್ನುತ್ತಿದ್ದ ಮಾತೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಪದಕದ ಹೆಸರು ವಿದೇಶ ಸೇವಾ ಪದಕ. ನೀಲಿ ರಿಬ್ಬನ್ನು, ಅದರ ಮೇಲೆ ಬಿಳಿ ಗೆರೆಗಳು, ರಿಬ್ಬನ್ನಿನ ಮೇಲೆ ದೇಶದ ಹೆಸರು ಕೊರೆದ ಒಂದು ಸಣ್ಣ ಪಟ್ಟಿ. ಅವರ ಪಟ್ಟಿಯ ಮೇಲಿದ್ದ ದೇಶ ಭೂತಾನ. ವರ್ಷಗಟ್ಟಲೆ ಅವರು ಅಲ್ಲಿಯ ಬೆಟ್ಟಗಳಲ್ಲಿ ರಸ್ತೆ ಕಡಿಯುವವರಿಗೆ ಸಿಮೆಂಟು, ಕಬ್ಬಿಣ, ಅಕ್ಕಿ, ಸೀಮೆಎಣ್ಣೆ ಸಾಗಿಸಿದ್ದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಡ, ನಡುವೆ ಲಾರಿಯ ಅಗಲಕ್ಕಿಂತ ಒಂದು ಗೇಣು ಜಾಸ್ತಿ ರಸ್ತೆ. ಇದನ್ನೆಲ್ಲ ಕೇಳಿಯೂ ನಮ್ಮ ಯಜಮಾನರಿಗೆ ಆ 'ವಿದೇಶ' ಎಂಬ ಮಾತು ನುಂಗಲಾಗುತ್ತಿರಲಿಲ್ಲ. ಮುಂಬಯಿಯವರಿಗೆ ಫಾರಿನ್ ಎಂದರೆ ದುಬೈ, ಮಸ್ಕತ್. ಫಾರಿನ್ನಿಗೆ ಹೋದವನು ಬರುವಾಗ ಸೆಂಟು, ಟೇಪ್‌ರೆಕಾರ್ಡರು, ಹೊಳೆಯುವ ಕಂಬಳಿ ತರಬೇಕು. ಏನು ಹವಾಲ್ದಾರರೇ, ಪಾಸ್‌ಪೋರ್ಟೂ ಇಲ್ಲದೆ ಫಾರಿನ್ನಿಗೆ ಹೋಗಿ ಏನು ತಂದಿರಿ ಎಂದು ಇವರು ಕೆಣಕುವುದು, ಕೆಮ್ಮು ತಂದೆ ಎಂದು ಅವರು ಉತ್ತರಿಸುವುದು, ಪ್ರತಿ ಭಾನುವಾರದ ಕಾಫಿಯ ಜೊತೆ ನಡೆಯುತ್ತಿತ್ತು. ಕೆಮ್ಮು ನಿಜವೇ. ಆ ತಂಡಿಯಲ್ಲಿ ಹಿಡಿದದ್ದು ಕೊನೆತನಕ ಬಿಡಲಿಲ್ಲ.

ಪದಕವನ್ನು ಅವರು ಕ್ಷೌರದ ಸಾಮಾನಿನ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಮಂಕಾಗಿದೆ, ಕೊಡಿ, ಹುಣಿಸೆಹಣ್ಣು ಹಾಕಿ ತಿಕ್ಕಿಕೊಡುತ್ತೇನೆ ಎಂದು ನಾನೊಮ್ಮೆ ಕೈ ಚಾಚಿದೆ. ಅವರು ಡಬ್ಬಿಯನ್ನು ಹಿಂದಕ್ಕೆ ಸರಿಸಿಕೊಂಡದ್ದು ನೋಡಬೇಕಿತ್ತು. ಪಂಚಪಾತ್ರೆ ಬೆಳಗುವವರ ಕೈಗೆ ಇದನ್ನು ಕೊಡಲು ಅವರು ತಯಾರಿರಲಿಲ್ಲ.

ಅವರ ಹೆಂಡತಿಯ ವಿಷಯ ಅವರು ಹೇಳಿದ್ದು ಒಂದೇ ಸಲ, ಅದೂ ಯಜಮಾನರ ಮುಂದಲ್ಲ, ನನ್ನ ಮುಂದೆ. ಯಜಮಾನರು ತೀರಿಕೊಂಡ ಮೇಲಿನ ದಿನಗಳವು. ನಮಗೆ ಮಕ್ಕಳಿಲ್ಲ. ತಂಗಿಯರು ಮೈಸೂರಿನಿಂದ ಬಂದು, ಅತ್ತು, ಕಾರ್ಯ ಮುಗಿಸಿಕೊಂಡು ಹೋದರು. ಮನೆ ಎಷ್ಟು ದೊಡ್ಡದಾಗಿಬಿಟ್ಟಿತೆಂದರೆ, ಅಡುಗೆಮನೆಯಿಂದ ಹಾಲಿಗೆ ಬರುವಷ್ಟರಲ್ಲಿ ಯಾಕೆ ಬಂದೆ ಎಂಬುದು ಮರೆತುಹೋಗುತ್ತಿತ್ತು. ನಾನು ಯಜಮಾನರ ಕೈಗಡಿಯಾರವನ್ನು ಬಲಗೈಗೆ ಕಟ್ಟಿಕೊಳ್ಳಲು ಶುರುಮಾಡಿದ್ದೆ. ಅವರು ಎಡಕ್ಕೆ ಕಟ್ಟುತ್ತಿದ್ದುದು. ನನ್ನ ಎಡಗೈಯಲ್ಲಿ ನನ್ನದೇ ಗಡಿಯಾರ ಇತ್ತು, ಅಷ್ಟೇ ಕಾರಣ. ಎರಡೂ ಕೈಗೆ ಗಡಿಯಾರ ಕಟ್ಟಿಕೊಂಡು ತರಕಾರಿಗೆ ಹೋಗುವ ಮುದುಕಿಯನ್ನು ಕಂಡು ಜನ ಏನೆಂದುಕೊಂಡರೋ. ಹವಾಲ್ದಾರರು ಮಾತ್ರ ಗೇಟಿನ ಹತ್ತಿರ ನಿಲ್ಲಿಸಿ, ಬಲಗೈಯನ್ನೇ ಒಂದು ಗಳಿಗೆ ನೋಡಿದರು.

"ಬಲಕ್ಕ ಕಟ್ಟೀರಿ. ಬರೋಬರಿ ಮಾಡೀರಿ," ಎಂದರು. ಸರಿಯಾಗಿಯೇ ಮಾಡಿದ್ದೀರಿ ಎಂದು ಅವರ ಕಡೆ ಹಾಗೆ ಹೇಳುವುದು.

ತಂಗಿಯರು, ಸ್ವಾಮಿಗಳು, ಆಫೀಸಿನವರು ಎಲ್ಲರೂ ಸಮಾಧಾನ ಹೇಳಿದ್ದರು. ಯಾವುದೂ ನನಗೆ ತಾಗಿರಲಿಲ್ಲ. ಈ ಮಾತು ತಾಗಿತು. ನಾನು ಗೇಟಿನಲ್ಲೇ ನಿಂತು ಅತ್ತೆ. ಅವರು ನನ್ನ ಕೈಯಿಂದ ತರಕಾರಿ ಚೀಲ ತೆಗೆದುಕೊಂಡು, ನಾನು ಅಳುವುದು ಮುಗಿಯುವ ತನಕ ರಸ್ತೆ ನೋಡುತ್ತಾ ನಿಂತರು. ಆಮೇಲೆ ತಮ್ಮ ಮನೆಯಲ್ಲಿ ಕೂರಿಸಿ, ಸ್ಟೀಲ್ ಗ್ಲಾಸಿನಲ್ಲಿ ಚಹಾ ಕೊಟ್ಟು, ಹೆಂಡತಿಯ ಸುದ್ದಿ ತೆಗೆದರು.

ಮದುವೆಯಾಗಿ ಕೆಲವೇ ದಿನ ಒಟ್ಟಿಗಿದ್ದದ್ದಂತೆ. ಆಕೆ ಊರಲ್ಲಿ, ಇವರು ಭೂತಾನದಲ್ಲಿ. ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಹೋದರೆಂದು ತಂತಿ ಬಂದಾಗ ಮಳೆಗೆ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ರಸ್ತೆ ಮಾಡುವವರ ಲಾರಿಯೇ ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿತ್ತು. ಇವರು ಊರು ಮುಟ್ಟುವಷ್ಟರಲ್ಲಿ ಎಲ್ಲ ಕಾರ್ಯ ಮುಗಿದು, ಆಕೆಯ ಸೀರೆಗಳನ್ನೂ ಯಾರ್‍ಯಾರಿಗೋ ಹಂಚಿ ಆಗಿತ್ತು. ಅಲ್ಲಿ ಇನ್ನು ಏನು ಮಾಡುವುದು ಎಂದು ತಿಳಿಯದೆ ರಜೆ ಮುಗಿಯುವ ಮೊದಲೇ ವಾಪಸು ಹೋಗಿ, ಇನ್ನಷ್ಟು ವರ್ಷ ಅಲ್ಲಿಯೇ ಇರುತ್ತೇನೆ ಎಂದು ಕೇಳಿಕೊಂಡರಂತೆ.

"ಎಲ್ಲಾರೂ ಇದನ್ನ ಸೇವಾದ್ದು ಅಂತಾರ್ರಿ," ಎಂದು ಡಬ್ಬಿಯ ಕಡೆ ಗದ್ದ ಚಾಚಿದರು. "ಸೇವಾದ್ದು ಹೌದು. ಆದರ ನನಗ ಹೆಂಗ ಕಾಣತೈತಿ ಅಂದ್ರ, ನಾ ಮನ್ಯಾಗ ಇರಲಿಲ್ಲ ಅನ್ನೂದಕ್ಕ ಸರಕಾರ ಹಾಕಿ ಕೊಟ್ಟ ಸಿಕ್ಕಾ ಇದು. ಆಕೀ ಇದ್ದಿದ್ರ, ನಾ ಸತ್ತ ಮ್ಯಾಲೆ ಆಕೀ ಬಲಕ್ಕ ಹಾಕ್ಕೋತಿದ್ಲು. ಅಷ್ಟು ಆಗಿದ್ರ ಲೆಕ್ಕ ಸರಿ ಹೋಗತಿತ್ತು."

ಅವತ್ತು ನನಗೆ ಅರ್ಥವಾಯಿತು, ಅವರಿಗೆ ಸಾವಿನ ಹೆದರಿಕೆ ಇರಲಿಲ್ಲ. ಆ ಪದಕ ಯಾರ ಬಲಗಡೆಗೂ ಹೋಗದೆ, ಕ್ಷೌರದ ಡಬ್ಬಿಯಿಂದ ನೇರವಾಗಿ ಹಳೇ ಸಾಮಾನಿನವನ ಚೀಲಕ್ಕೆ ಹೋಗುತ್ತದೆ ಎಂಬುದೊಂದೇ ಅವರನ್ನು ಕಾಡುತ್ತಿತ್ತು.

ಊರಿನಲ್ಲಿ ತಮ್ಮನ ಮಗನೊಬ್ಬನಿದ್ದ. ರಕ್ತಸಂಬಂಧ ಎಂದರೆ ಅವನೇ. ಒಂದು ಬೇಸಿಗೆಯಲ್ಲಿ ಇವರು ಕೋಟನ್ನು ಇಸ್ತ್ರಿ ಮಾಡಿಸಿ, ಪದಕ ತೆಗೆದುಕೊಂಡು, ಅದನ್ನು ಅವನಿಗೆ ಒಪ್ಪಿಸಿಬರಲು ಹೊರಟರು. ವಾರಗಟ್ಟಲೆ ಇರುವುದಾಗಿ ಹೇಳಿ ಹೋದವರು ನಾಲ್ಕೇ ದಿನಕ್ಕೆ ಮರಳಿದರು. ಬೆಳಿಗ್ಗೆ ನೋಡುತ್ತೇನೆ, ಹಾಲಿನ ಟೆಂಪೋಕ್ಕೆ ಕಲ್ಲು ಇಡುತ್ತಿದ್ದಾರೆ.

ನಡೆದದ್ದು ಇಷ್ಟು. ಆ ಹುಡುಗ ಒಳ್ಳೆಯವನೇ. ದೊಡ್ಡಪ್ಪ ಪದಕ ಕೊಟ್ಟದ್ದಕ್ಕೆ ಖುಷಿಪಟ್ಟು, ಇಡೀ ಊರು ನೋಡಲಿ ಎಂದು ಅದನ್ನು ಹೊಸ ಟ್ರಾಕ್ಟರಿನ ಕನ್ನಡಿಗೆ ಕಟ್ಟಿದ್ದ, ನಿಂಬೆಹಣ್ಣು ಮೆಣಸಿನಕಾಯಿಯ ಸರದ ಪಕ್ಕಕ್ಕೆ. ಟ್ರಾಕ್ಟರು ಹೊಲಕ್ಕೆ ಹೋದಾಗಲೆಲ್ಲ ಭೂತಾನದ ಪದಕ ಕುಣಿಯುತ್ತಾ ಹೋಗುತ್ತಿತ್ತು. ಇವರು ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಬಿಚ್ಚಿಕೊಂಡು ಬಂದುಬಿಟ್ಟಿದ್ದರು. "ಪ್ರೀತಿಲೇನ ಕಟ್ಟ್ಯಾನ್ರಿ, ಸಿಟ್ಟು ಮಾಡೂಹಂಗಿಲ್ಲ," ಎಂದರು. "ಆದರ ಟ್ರಾಕ್ಟರಿಗೆ ಎಡ ಬಲ ಎಲ್ಲಿ ಐತ್ರಿ?" ನಾನು ಬಾಯಿಗೆ ಸೆರಗಿಟ್ಟುಕೊಂಡು ನಕ್ಕೆ. ಅವರೂ ನಕ್ಕರು. ಆಮೇಲೆ ಬಹಳ ಹೊತ್ತು ಕೆಮ್ಮಿದರು.

ಆ ವರ್ಷ ಮಳೆ ಮುಗಿಯುವಷ್ಟರಲ್ಲಿ ಅವರು ಇಳಿದುಹೋಗಿದ್ದರು. ದೊಡ್ಡ ಕಲ್ಲು ಎತ್ತಲಾಗದೆ ಟೆಂಪೋಕ್ಕೂ ರಿಕ್ಷಾದ ಕಲ್ಲನ್ನೇ ಇಡುತ್ತಿದ್ದರು, ಎರಡೆರಡು.

ದೀಪಾವಳಿಯ ಕೊನೆಯ ದಿನ ಮುಂಬಯಿಯಲ್ಲಿ ಭಾವುಬೀಜ. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವುದು, ಅವರು ತಟ್ಟೆಗೆ ಉಡುಗೊರೆ ಹಾಕುವುದು. ಲೋಕಲ್ ಟ್ರೈನುಗಳು ಆ ದಿನ ಮಿಠಾಯಿ ಡಬ್ಬಿ ಹಿಡಿದ ಗಂಡಸರಿಂದ ತುಂಬಿರುತ್ತವೆ. ನಮ್ಮ ಮನೆಯಲ್ಲಿ ಅದು ಪಂಚಾಂಗದಲ್ಲಿ ಮಾತ್ರ ಇದ್ದ ಹಬ್ಬ. ನನ್ನ ತವರಿನಲ್ಲಿ ಹುಟ್ಟಿದ್ದೆಲ್ಲ ಹೆಣ್ಣುಮಕ್ಕಳೇ. ಅಣ್ಣ ಎಂದು ಕರೆದು ನನ್ನ ಬಾಯಿಗೆ ರೂಢಿಯೇ ಇರಲಿಲ್ಲ.

ಬಾಗಿಲು ತೆರೆದರೆ ಅವರು ನಿಂತಿದ್ದಾರೆ. ನೀಲಿ ಕೋಟು, ಕೈಯಲ್ಲಿ ತೆಂಗಿನಕಾಯಿ. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು.

"ಬಾಯಾರ, ಬಲಕ್ಕ ಹಾಕ್ಕೊಳ್ಳಾಕ ರಕ್ತಸಂಬಂಧ ಬೇಕು, ಇಲ್ಲಾ ಮನೀ ಮಂದಿ ಆಗಬೇಕು. ಹಂಗ ಯಾರಿಗರ ಕೊಡಾಕ ಬರೂದಿಲ್ಲ. ಅದಕ್ಕ, ಮೊದಲ ಸಂಬಂಧ ಮಾಡ್ಕೊಳ್ಳೂಣು ಅಂತ ಬಂದೀನಿ. ನಿಮಗ ಒಪ್ಪಿಗಿ ಇದ್ರ ಆರತಿ ಮಾಡ್ರಿ. ಇಲ್ಲಂದ್ರ ಕಾಯಿ ಇಟ್ಟು ಹೋಗತೀನಿ, ಬ್ಯಾಸರ ಇಲ್ಲ."

ಜೀವನದಲ್ಲಿ ನನ್ನನ್ನು ಬಹಳ ಮಂದಿ ಬಹಳ ಕೇಳಿದ್ದಾರೆ. ಇಷ್ಟು ದೊಡ್ಡದನ್ನು ಯಾರೂ ಕೇಳಿರಲಿಲ್ಲ. ಸಂತೋಷವಾಯಿತು, ಹೆದರಿಕೆಯೂ ಆಯಿತು. ಹೌದು ಎಂದರೆ ಅಣ್ಣ ಸಿಗುತ್ತಾನೆ. ಆದರೆ ಅಣ್ಣ ಸಿಗುತ್ತಿರುವುದೇ ಅವನು ಹೋದ ಮೇಲಿನ ಕೆಲಸಕ್ಕೆ. ನಾನು ಒಳಗೆ ಹೋಗಿ ಮಣೆ ಹಾಕಿದೆ. ರಂಗೋಲಿ ಎಳೆದೆ. ಅವರು ಚಕ್ಕಳಮಕ್ಕಳ ಹಾಕಲಾಗದೆ ಒಂದು ಕಾಲು ಚಾಚಿ ಕೂತರು. ನಾನು ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಆರತಿ ಎತ್ತಿದೆ. ಯಾವ ಹಾಡು ಹೇಳಬೇಕೋ ತಿಳಿಯದೆ ಗೌರಿಗೆ ಹೇಳುವುದನ್ನೇ ಹೇಳಿದೆ.

ಮುಗಿದ ಮೇಲೆ ಅವರು ಕೋಟಿನ ಒಳಜೇಬಿಗೆ ಕೈ ಹಾಕಿದರು. ಪದಕ ತೆಗೆಯುತ್ತಾರೆ ಎಂದುಕೊಂಡೆ. ಅವರು ತಟ್ಟೆಗೆ ಹಾಕಿದ್ದು ಒಂದು ಸೇಫ್ಟಿ ಪಿನ್ನು. ಹೊಸದು, ದಪ್ಪನೆಯದು.

ನಮ್ಮ ಕಡೆ ಸೂಜಿ ಪಿನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದೆ. ಏನಾದರೂ ಹೇಳಬೇಕಿತ್ತು, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

"ತಾಟಿಗೆ ಹಾಕೀನಿ, ಕೈಗಲ್ಲ," ಎಂದರು. "ಪಿನ್ ಈಗ ಇಟ್ಕೋ ತಂಗೆವ್ವ. ಉಳಿದದ್ದು ಆ ಮ್ಯಾಲೆ ಬರತೈತಿ."

ಬಾಯಾರ ಹೋಗಿ ತಂಗೆವ್ವ ಬಂದದ್ದು, ಬಹುವಚನ ಹೋಗಿ ಏಕವಚನ ಬಂದದ್ದು, ಆ ಒಂದೇ ಉಸಿರಿನಲ್ಲಿ. ಅಂದು ನಾನು ಮಾಡಿದ್ದ ಹೋಳಿಗೆಯನ್ನು ಅವರು ನಿಧಾನವಾಗಿ ತಿಂದರು. ನಮ್ಮ ಮೈಸೂರಿನ ಹೋಳಿಗೆ ಬಲು ತೆಳು, ಇದನ್ನು ತಿಂದು ಲಾರಿ ಓಡಿಸಲಾಗುವುದಿಲ್ಲ ಎಂದು ಕೊಂಕು ತೆಗೆದರು. ಅಣ್ಣಂದಿರು ಹೀಗೆಯೇ ಕೊಂಕು ತೆಗೆಯುತ್ತಾರೆಂದು ನಾನು ಬೇರೆಯವರ ಮನೆಗಳಲ್ಲಿ ನೋಡಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಗೇಟಿನ ಹತ್ತಿರ ದೊಡ್ಡ ಸದ್ದಾಯಿತು. ಎಲ್ಲರೂ ಬಾಲ್ಕನಿಗೆ ಓಡಿ ಬಂದೆವು. ಹಾಲಿನ ಟೆಂಪೋ ತಾನೇ ಹಿಂದಕ್ಕೆ ಜಾರಿ, ಗೇಟಿನ ಕಂಬಕ್ಕೆ ಗುದ್ದಿ ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಒಂದು ತುಳಸಿ ಕುಂಡ ಒಡೆದು, ಹಾಲಿನ ಪೊಟ್ಟಣಗಳು ರಸ್ತೆಯ ತುಂಬ ಚೆಲ್ಲಿದ್ದವು. ಜನ ಡ್ರೈವರನಿಗೆ ಬೈಯುತ್ತಿದ್ದರು, ಅವನು ಬ್ರೇಕು ಹಾಕಿದ್ದೆ ಎಂದು ಆಣೆ ಮಾಡುತ್ತಿದ್ದ. ನಾನು ಚಕ್ರದ ಹಿಂದೆ ನೋಡಿದೆ. ಕಲ್ಲು ಇರಲಿಲ್ಲ.

ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಅವರ ಬಾಗಿಲು ಬರೀ ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಮೊಣಕೈ ಕಟ್ಟೆಯ ಮೇಲೆ, ಮುಖ ರಸ್ತೆಯ ಕಡೆ. ಕೈ ಮುಟ್ಟಿದೆ. ತಣ್ಣಗಿತ್ತು. ಅಣ್ಣ ಎಂದು ಕರೆದೆ. ಬಾಯಿಬಿಟ್ಟು ಹಾಗೆ ಕರೆದದ್ದು ಅದೇ ಮೊದಲು. ಭಾವುಬೀಜವಾದ ಮೇಲೂ ನಾಚಿಕೆಗೆ ನಾನು ಹವಾಲ್ದಾರರೇ ಎಂದೇ ಕರೆಯುತ್ತಿದ್ದೆ.

ಸಂಜೆಯ ಹೊತ್ತಿಗೆ ಊರಿನಿಂದ ತಮ್ಮನ ಮಗ ಬಂದ. ಭಾಂಡುಪಿನಲ್ಲೇ ಎಲ್ಲ ಮುಗಿಯಿತು. ಸೊಸೈಟಿಯ ಗಂಡಸರು ನಾಲ್ಕಾರು ಮಂದಿ ಹೋಗಿಬಂದರು. ಬಹಳ ಒಳ್ಳೆಯ ಮನುಷ್ಯ, ಪೊಲೀಸಿನಲ್ಲಿದ್ದರೂ ಒಂದು ಪೈಸೆ ಮುಟ್ಟಿದವರಲ್ಲ ಎಂದು ಒಬ್ಬರು ಹೊಗಳಿದ್ದು ನನ್ನ ಕಿವಿಗೆ ಬಿತ್ತು. ತಿದ್ದಲು ನನಗೆ ತ್ರಾಣ ಇರಲಿಲ್ಲ.

ಮಾರನೆಯ ದಿನ ಆ ಹುಡುಗ ನಮ್ಮ ಮನೆಗೆ ಬಂದ. ತಗಡಿನ ಡಬ್ಬಿ ಕೈಯಲ್ಲಿತ್ತು. ಪದಕವನ್ನು ಹೇಗೆ ಕೇಳುವುದು, ಅವನೇ ತಾನೇ ನಿಜವಾದ ವಾರಸುದಾರ ಎಂದು ನಾನು ರಾತ್ರಿಯಿಡೀ ಹೊರಳಾಡಿದ್ದೆ. ಅವನು ಬಗ್ಗಿ ನನ್ನ ಕಾಲು ಮುಟ್ಟಿದ.

"ದೊಡ್ಡಪ್ಪ ಫೋನ್ ಮಾಡಿದ್ದರ್ರಿ ಅತ್ತಿ, ದೀಪಾವಳಿ ಆದ ಮ್ಯಾಲೆ. ಮುಂಬೈದಾಗ ನಿನಗೊಬ್ಬಾಕಿ ಅತ್ತಿ ಅದಾಳ, ಆಕೀಗೆ ಕೊಡು ಅಂತ ಹೇಳ್ಯಾರ. ನಂದು ಟ್ರಾಕ್ಟರಿಗೆ ಕಟ್ಟಿದ್ದು ತಪ್ಪಾತು."

ತಪ್ಪಿಲ್ಲ ಮಗಾ, ಪ್ರೀತಿಯಿಂದಲೇ ಕಟ್ಟಿದ್ದೀಯೆಂದು ಅವರೇ ಹೇಳುತ್ತಿದ್ದರು ಎಂದೆ. ಅವನಿಗೆ ಕಣ್ಣು ತುಂಬಿತು. ಊಟ ಮಾಡಿಸಿ ಕಳಿಸಿದೆ. ಅತ್ತೆ ಎಂದು ನನ್ನನ್ನು ಕರೆಯುವವರೂ ಈ ಲೋಕದಲ್ಲಿ ಒಬ್ಬರಿದ್ದಾರೆ ಎಂದು ತಿಳಿದುಕೊಳ್ಳಲು ಇಷ್ಟು ವಯಸ್ಸಾಗಬೇಕಾಯಿತು.

ಮೊನ್ನೆ ಜನವರಿ ಇಪ್ಪತ್ತಾರು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ತಟ್ಟೆಗೆ ಬಿದ್ದಿದ್ದ ಆ ಪಿನ್ನಿನಿಂದಲೇ ಪದಕವನ್ನು ಚುಚ್ಚಿಕೊಂಡೆ. ಸೀರೆ ಉಡುವವರಿಗೆ ಸೆರಗು ಎಡಕ್ಕೆ ಹೋಗುತ್ತದೆ, ಬಲಗಡೆ ಬಟ್ಟೆ ಕಡಿಮೆ. ಭಾರಕ್ಕೆ ರವಿಕೆ ಜಗ್ಗಿತು. ಆ ಪದಕಕ್ಕೆ ಅಷ್ಟು ತೂಕ ಇದೆಯೆಂದು ನೋಡಿದಾಗ ಅನ್ನಿಸಿರಲಿಲ್ಲ. ಕೆಳಗಿಳಿದು, ಪ್ರತಿ ವರ್ಷ ಅವರು ನಿಲ್ಲುತ್ತಿದ್ದ ಮುಂದಿನ ಸಾಲಿನಲ್ಲಿ ನಿಂತೆ. ಅದೇ ಪ್ಲಾಸ್ಟಿಕ್ ಕುರ್ಚಿಗಳು, ಅದೇ ಮೈಕು, ಕಾಗದ ಮುಚ್ಚಿದ ಜಿಲೇಬಿ. ಬಾವುಟ ಹಾರಿತು, ರಾಷ್ಟ್ರಗೀತೆ ಆಯಿತು. ನಾನು ಅಲುಗಾಡಲಿಲ್ಲ.

ಮುಗಿದ ಮೇಲೆ ಸೊಸೈಟಿಯ ಸೆಕ್ರೆಟರಿ ನನ್ನ ಹತ್ತಿರ ಬಂದರು. ಮರಾಠಿಯವರು, ಸಜ್ಜನರು. ಪದಕ ನೋಡಿ ದನಿ ತಗ್ಗಿಸಿ, ಅದು ಎಡಕ್ಕಿರಬೇಕೆಂದು ನನಗೆ ಅವಮಾನವಾಗದಂತೆ ಹಿಂದಿಯಲ್ಲಿ ಹೇಳಿದರು. "ಕಾಕೂ, ಉಲ್ಟಾ ಲಗ್ ಗಯಾ ಹೈ. ಮೆಡಲ್ ಲೆಫ್ಟ್ ಸೈಡ್ ಮೇ ಲಗಾತೇ ಹೈ."

ಇದಕ್ಕೆ ಏನು ಹೇಳಬೇಕೆಂದು ನಾನು ಹಿಂದಿನ ದಿನವೇ ಹಿಂದಿಯಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಆದರೆ ಬಾಯಿಂದ ಬಂದದ್ದು ಕನ್ನಡ, ಅದೂ ನನ್ನ ಮೈಸೂರಿನದಲ್ಲ.

"ಇದು ನಮ್ಮಣ್ಣಂದ್ರಿ. ಬಲಕ್ಕ ಬರೋಬರಿ ಐತಿ."

ಸೆಕ್ರೆಟರಿ ಅರ್ಥವಾಗದೆ ಮುಗುಳ್ನಕ್ಕು, ಜಿಲೇಬಿ ತೆಗೆದುಕೊಳ್ಳಿ ಎಂದು ಮೇಜು ತೋರಿಸಿ ಮುಂದೆ ಹೋದರು. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಆ ಮೊದಲ ಜನವರಿಯಲ್ಲಿ ನನ್ನ ಕನ್ನಡ ಕೇಳಿ ಅವರು ತಿರುಗಿದ್ದರು. ಈ ಸಲ ಮುಂದಿನ ಸಾಲಿನಲ್ಲಿ ಯಾರೂ ತಿರುಗಿ ನೋಡಲಿಲ್ಲ.